ಅಗಸೆ ನಾರಿನ ಜಡೆ

ಒಂದು ಬೆರಳುದ್ದ ಬೆಳೆದು ನಿಲ್ಲುತ್ತದೆ ನನ್ನ ಕೂದಲು.
ಆಮೇಲೆ ಕುರಿಮರಿಯ ಮೈಯಂತೆ ಸುರುಟಿ
ದಿಂಬಿನ ಮೇಲೆ ಒಂದೊಂದೇ ಮುರಿದು ಬೀಳುತ್ತದೆ.
ಅಮ್ಮನಿಗಿಲ್ಲ ಇದು. ಅವಳ ಅಕ್ಕ ಓವ್ರೋಸಿಗಿದೆ.
ತಲೆ ತಪ್ಪಿಸಿ ತಲೆಗೆ ಬರುವ ಆಸ್ತಿ,
ಯಾವ ಮುಸುಕಿಗೂ ಪಾಲು ಹೋಗದ್ದು.

ಮಾರಿ ಜನರ ಮದುವೆಯಲ್ಲಿ
ಹುಡುಗಿಯ ಒಂಟಿ ಜಡೆ ಬಿಚ್ಚಬೇಕು,
ಹೆಂಗಸರು ಸುತ್ತ ನಿಂತು ಅಳಬೇಕು,
ಆಮೇಲೆ ಚೂಪು ಶಿಮಾಕ್ಷು ನೆತ್ತಿಗೇರಬೇಕು.
ಓವ್ರೋಸಿಗೆ ಬಿಚ್ಚುವುದೇನನ್ನು?
ಅಜ್ಜಿ ರಾತ್ರಿಯೆಲ್ಲ ಅಗಸೆ ನಾರು ಬಾಚಿದಳಂತೆ,
ಜೇನುಮೇಣ ಹಚ್ಚಿ
ಇದ್ದ ನಾಲ್ಕು ಎಳೆಗೆ ಅಂಟಿಸಿ
ಸೊಂಟದವರೆಗೆ ಹೆಣೆದಳಂತೆ, ಮುದುಕಿಯ ಜಡೆಯಷ್ಟು ಬಿಳಿ.
ಬಿಚ್ಚಿದರು. ಅತ್ತರು.
ಅಷ್ಟು ನಿಜವಾಗಿ ಆ ಊರು ಯಾವ ಮದುವೆಯಲ್ಲೂ ಅತ್ತಿರಲಿಲ್ಲ.

ನಾನು ಯೋಷ್ಕರ್-ಒಲಾದಿಂದ ಜೀಪಿನಲ್ಲಿ
ಐಸ್ ಪೆಟ್ಟಿಗೆ ಹೊತ್ತು ಊರೂರು ಸುತ್ತುವವಳು,
ರಕ್ತ ತೆಗೆಯುವ ನರ್ಸು.
ಆ ವರ್ಷ ನಮ್ಮ ಪಟ್ಟಿಯಲ್ಲಿ ನಮ್ಮದೇ ಮನೆ.
"ಇಲ್ಲದ್ದು ಕೂದಲು, ತಗೊಳ್ಳೋದು ರಕ್ತವೋ?"
ಓವ್ರೋಸಿ ತೋಳು ಚಾಚಿದಳು, ಮುಖ ಒಲೆಯ ಕಡೆಗೆ.

ನನಗೆ ತಿಳಿದಷ್ಟು ಹೇಳಿದೆ:
ಹದಿಮೂರನೆಯ ನೂಲಿನಲ್ಲಿ
ಮಕ್ಕಳ ಕಣ್ಣು ಕಾಯುವ ದೊಡ್ಡ ಜೀನೊಂದಿದೆ.
ಅದರ ಖಾಲಿ ಕೋಣೆಯೊಂದರಲ್ಲಿ
ಮನೆಯೊಳಗಿನ ಮನೆಯಾಗಿ, ಬೆನ್ನು ತಿರುಗಿಸಿ
ಕೂತಿದೆ ಒಂದು ಪುಟ್ಟ ಜೀನು.
ಅದು ಮಾಡುವುದು ಒಂದೇ ಕೆಲಸ, ಒಂದು ಬಾಗಿಲು.
ಕೋಶದ ಎಣ್ಣೆ ಚರ್ಮಕ್ಕೆ
ಒಳಗೆ ಹೊರಗೆ, ಒಳಗೆ ಹೊರಗೆ,
ಏಳು ಸಲ ಸೂಜಿ ದಾಟಿಸಿ ಹೊಲಿದ ಬಾಗಿಲು,
ನಿನ್ನ ಕಸೂತಿಯ ಹಾಗೆ, ಹಿಂದೆ ಗಂಟಿಲ್ಲದ್ದು.
ಜಿಡ್ಡಿನದೊಂದು ಕಣ ಬಂದು ತಟ್ಟಿದರೆ
ಬೇರಿಗೆ ಕೇಳಿಸುತ್ತದೆ: ಬೆಳೆ.

"ಜಿಡ್ಡೇ!" ನಕ್ಕಳು, ಇದ್ದ ಮೂರು ಹಲ್ಲಿನಲ್ಲಿ.
"ನಲವತ್ತು ವರ್ಷ ಹೆಬ್ಬಾತಿನ ಕೊಬ್ಬು ತಿಕ್ಕಿದೆನಲ್ಲೇ,
ಬೆಕ್ಕುಗಳು ಹಿಂದೆ ಬಂದವು, ಕೂದಲು ಬರಲಿಲ್ಲ."

ಎರಡು ಚಳಿಗಾಲ ಅಕ್ಷರ ಅಕ್ಷರ ಓದಿದರು.
ಬಾಗಿಲಲ್ಲಿ ಊನವಿರಲಿಲ್ಲ.
ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.
ತುಂಡು ಬಿದ್ದದ್ದು ಬೇರೆಲ್ಲೋ, ಮೂರನೆಯ ನೂಲಿನಲ್ಲಿ,
ಆ ಕಣವನ್ನು ಕಡೆದು ಕೊಡಬೇಕಾದವನ ಮನೆಯಲ್ಲಿ.

ಹೇಗೆ ಹೇಳಲಿ?
ಕೊಕ್ಷಾಗಾ ಹೆಪ್ಪುಗಟ್ಟಿತ್ತು, ನದಿಯ ಮೇಲೇ ಜೀಪು ಓಡಿಸಿ ಹೋದೆವು.
ದೊಡ್ಡಮ್ಮಾ, ನಿನ್ನ ತಲೆಯ ಒಂದೊಂದು ಬೇರಿನಲ್ಲೂ
ಬಾಗಿಲು ಸರಿಯಾಗಿಯೇ ಇದೆ.
ಎಂಬತ್ತು ವರ್ಷ ಕಾದು ನಿಂತಿದೆ.
ತಟ್ಟುವವರು ಬರಲಿಲ್ಲ.

ಅವಳು ಮಾತಾಡಲಿಲ್ಲ.
ಪೆಟ್ಟಿಗೆ ತೆಗೆದು ಹಳೆಯ ಅಂಗಿಯೊಂದರ ಅಂಚು ಹಿಡಿದಳು ಬೆಳಕಿಗೆ:
"ಇಲ್ನೋಡು, ಈ ಮೂಲೆಯಲ್ಲಿ ಒಂದು ಎಳೆ ಕಡಿಮೆ.
ಯಾವಳೋ ಒಬ್ಬಳು ಎಣಿಕೆ ತಪ್ಪಿದಳು, ಯಾವಾಗಲೋ.
ಅವಳದನ್ನು ನೋಡಿ ಮಗಳು ಹೊಲಿದಳು,
ಮಗಳದನ್ನು ನೋಡಿ ಊರು.
ಈಗ ಆ ಎಳೆ ಇದ್ದರೆ
ಇದು ನಮ್ಮೂರ ಅಂಗಿಯೇ ಅಲ್ಲ ಅಂತಾರೆ."

ಅಂಗಿಯ ಕೆಳಗಿತ್ತು ಜಡೆ.
ಅಳು ಮುಗಿದ ಮೇಲೆ ಯಾರೋ ಮತ್ತೆ ಹೆಣೆದಿಟ್ಟದ್ದು.
"ಒಯ್ಯಿ," ಅಂದಳು, "ನಿನಗೆ ಯಾರೂ ಏನೂ ಬಿಚ್ಚಲಿಲ್ಲ."
ನಿಜ. ನನ್ನದು ಕಚೇರಿಯ ಮದುವೆ.
ಫೋಟೋದವನು ಟೋಪಿ ತೆಗೆಯಿರಿ ಅಂದ,
ನಾನು ತೆಗೆಯಲಿಲ್ಲ.

ನದಿಯ ನಡುವೆ ಗಾಡಿ ನಿಲ್ಲಿಸಿ
ಡ್ರೈವರ್ ಎಷ್ಪಾಯ್ ಬೀಡಿ ಸೇದಲು ಇಳಿದ.
ತೊಡೆಯ ಮೇಲಿನ ಜಡೆಯ ತುದಿಯಲ್ಲಿ
ಒಂದು ಹೆಣಿಗೆ ಬಿಚ್ಚಿದೆ, ಒಂದೇ.
ಜೇನುಮೇಣದ ವಾಸನೆ.
ಐಸ್ ಪೆಟ್ಟಿಗೆಯಲ್ಲಿ ಬೇರೆ ಊರಿನ ಹನ್ನೊಂದು ಸೀಸೆಗಳು
ಒಂದಕ್ಕೊಂದು ತಾಗಿ ಟಿಕ್ ಟಿಕ್ ಅಂದವು.